18 ಗ್ರಾಂ ರಾಯರು

ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಮೊದಲೆಲ್ಲ ಒಬ್ಬ ಯೋಗದವರು, ಒಬ್ಬ ಷೇರು ಮಾರುಕಟ್ಟೆಯವರು, ಮೀಟಿಂಗಿನಲ್ಲಿ ಜಗಳ ತೆಗೆಯಲು ಒಬ್ಬರು, ಇಷ್ಟಿದ್ದರೆ ಸಾಕಾಗಿತ್ತು. ಈಗ ಎಸ್ಪ್ರೆಸೊದವರು ಒಬ್ಬರು ಇರಲೇಬೇಕು. ನಮ್ಮಲ್ಲಿರುವವರನ್ನು ಎಲ್ಲರೂ ಗ್ರಾಂ ರಾಯರು ಎನ್ನುತ್ತಾರೆ. ಎದುರಿಗೇ ಎನ್ನುತ್ತಾರೆ, ಅವರಿಗೆ ಅದು ಬಿರುದು. ಸಾಫ್ಟ್‌ವೇರ್ ಕೆಲಸ, ನಲವತ್ತರ ಆಚೀಚೆ ವಯಸ್ಸು, ಬಲಗೈ ಮಣಿಕಟ್ಟಿನಲ್ಲಿ ಸಣ್ಣ ನೋವು. ನೋವಿನ ಕಾರಣ ಮುಂದೆ ಬರುತ್ತದೆ.

ಬೇರೆ ಮನೆಯಲ್ಲಿ “ಕಾಫಿ ತಗೋತೀರಾ?” ಅಂದರೆ ಉಪಚಾರ. ರಾಯರ ಮನೆಯಲ್ಲಿ ಅದು ಮುನ್ನೆಚ್ಚರಿಕೆ. ಹೂಂ ಎಂದವರು ಆಮೇಲಿನ ಕೆಲಸಗಳನ್ನು ಮುಂದಕ್ಕೆ ಹಾಕಿಕೊಳ್ಳುವುದು ಕ್ಷೇಮ.

ಮೊದಲು ಬೀಜದ ತೂಕ. 18 ಗ್ರಾಂ. ತಕ್ಕಡಿ 18.1 ತೋರಿಸಿದರೆ ಒಂದು ಬೀಜ ಹೊರಗೆ, 17.9ಕ್ಕೆ ಇಳಿದರೆ ಅದೇ ಬೀಜ ವಾಪಸ್ಸು. ಆಮೇಲೆ ಪುಟ್ಟ ಸ್ಪ್ರೇ ಬಾಟಲಿಯಿಂದ ಬೀಜಕ್ಕೆ ಒಂದು ಚಿಮುಕು ನೀರು. ಮಡಿಗಾಗಿ ಅಲ್ಲ, ಸ್ಟ್ಯಾಟಿಕ್‌ಗಾಗಿ. ಅರೆಯುವಾಗ ಪುಡಿಗೆ ವಿದ್ಯುತ್ತು ಹತ್ತಿ ಅಲ್ಲಲ್ಲಿ ಅಂಟಿಕೊಂಡು ಗಂಟು ಕಟ್ಟುತ್ತದಂತೆ, ತೇವ ತಾಗಿದರೆ ಕಮ್ಮಿಯಂತೆ. ಇದೆಲ್ಲ ಬೂಟಾಟಿಕೆ ಎಂದು ನಗುವ ಹಾಗಿಲ್ಲ. 2023ರಲ್ಲಿ ಅಮೆರಿಕದ ಓರೆಗಾನ್ ವಿಶ್ವವಿದ್ಯಾಲಯದವರು ಅಳೆದು ತೋರಿಸಿಯೇ ಬಿಟ್ಟಿದ್ದಾರೆ. ರಾಯರ ಜೊತೆ ನಮಗಿರುವ ಕಷ್ಟವೇ ಇದು: ಅವರು ಹೇಳುವುದೆಲ್ಲ ನಿಜ. ಸುಳ್ಳು ಹೇಳುವವರಾಗಿದ್ದರೆ ಎಂದೋ ಬಾಯಿ ಮುಚ್ಚಿಸಬಹುದಿತ್ತು.

ರಾಯರ ಬದುಕಿನ ಶತ್ರುವಿನ ಹೆಸರು ಚಾನೆಲಿಂಗ್. 58 ಮಿಲಿಮೀಟರ್ ಅಗಲದ ಬಾಸ್ಕೆಟ್ಟಿನಲ್ಲಿ ಪುಡಿ, ಅದರ ಮೇಲೆ 9 ಬಾರ್ ಒತ್ತಡದಲ್ಲಿ ನೀರು. ಪುಡಿ ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಸಡಿಲ ಇದ್ದರೆ ನೀರು ಸಡಿಲ ಇದ್ದ ಕಡೆಯೇ ದಾರಿ ಮಾಡಿಕೊಂಡು ಓಡುತ್ತದೆ. ಓಡಿದ ದಾರಿಯ ಪುಡಿ ಅತಿಯಾಗಿ ಹಿಂಡಿ ಕಹಿ. ಉಳಿದ ಪುಡಿಯ ಸಾರವೇ ಇಳಿಯದೆ ಹುಳಿ. ಒಂದೇ ಲೋಟದಲ್ಲಿ ಎರಡೂ. ಆದ್ದರಿಂದ ಪುಡಿ ಎಲ್ಲ ಕಡೆ ಸಮನಾಗಿ ಕೂರಬೇಕು. ರಾಯರ ಸಂಬಳದ ಒಂದು ಪಾಲು ಈ ‘ಸಮನಾಗಿ’ ಎಂಬುದಕ್ಕೇ ಹೋಗಿದೆ.

ಮೊದಲು ಬಂದದ್ದು ಲೆವೆಲರ್. ಅಂಗೈಯಗಲದ ಭಾರವಾದ ಉಕ್ಕಿನ ಬಿಲ್ಲೆ. ತಳದಲ್ಲಿ ಓರೆ ರೆಕ್ಕೆಗಳು. ಪುಡಿಯ ಮೇಲಿಟ್ಟು ತಿರುಗಿಸಬೇಕು. 2015ರ ವಿಶ್ವ ಬರಿಸ್ತಾ ಚಾಂಪಿಯನ್ ಸಾಶಾ ಸೆಸ್ಟಿಕ್ ಅವರ ಓಸಿಡಿ ಎಂಬ ಸಾಧನದಿಂದ ಪ್ರಸಿದ್ಧಿಗೆ ಬಂದ ಕುಲ ಇದು. ರಟ್ಟಿನ ಪೆಟ್ಟಿಗೆಯ ಮೇಲೆ ಆ ಮೂರಕ್ಷರ ಓದಿದ ರಾಯರ ಹೆಂಡತಿ, ಸ್ವತಃ ಡಾಕ್ಟರು, ಒಮ್ಮೆ ಗಂಡನ ಮುಖ ನೋಡಿ ಆಸ್ಪತ್ರೆಗೆ ಹೊರಟುಹೋದರು.

ಲೆವೆಲರ್ ತಿರುಗಿಸಿ ತಿರುಗಿಸಿ ಮಣಿಕಟ್ಟು ನೋಯತೊಡಗಿದ ಕಾಲಕ್ಕೆ ರಾಯರಿಗೆ ಜ್ಞಾನೋದಯವಾಯಿತು: ಇದು ಮೇಲ್ಮೈಯನ್ನಷ್ಟೇ ನುಣುಪು ಮಾಡುತ್ತದೆ, ಒಳಗಿನ ಗಂಟು ಒಳಗೇ ಇರುತ್ತದೆ. ಇದಕ್ಕೆ ಮದ್ದು 2005ರಲ್ಲೇ ಜಾನ್ ವೈಸ್ ಎಂಬುವರು ಕಂಡುಹಿಡಿದಿದ್ದರು. ತಳ ಕತ್ತರಿಸಿದ ಮೊಸರಿನ ಪ್ಲಾಸ್ಟಿಕ್ ಕಪ್ಪು, ಒಂದು ಸೂಜಿ. ಕಪ್ಪನ್ನು ಬಾಸ್ಕೆಟ್ಟಿನ ಮೇಲೆ ಕೂರಿಸಿ, ಪುಡಿ ಸುರಿದು, ಸೂಜಿಯಿಂದ ತಳದವರೆಗೆ ಕೆದಕುವುದು. ಅಷ್ಟೇ. ಖರ್ಚು, ಮೊಸರು ತಿಂದದ್ದು. ಇಷ್ಟು ಅಗ್ಗದ ವಿದ್ಯೆಯನ್ನು ಇದ್ದ ಹಾಗೇ ಒಪ್ಪಿಕೊಳ್ಳುವುದು ರಾಯರ ಅಂತಸ್ತಿಗೆ ಆಗದು. ಮೊಸರಿನ ಕಪ್ಪಿನ ಜಾಗಕ್ಕೆ ಆಯಸ್ಕಾಂತವಿರುವ ಅಲ್ಯೂಮಿನಿಯಂ ಬಳೆ ಬಂತು. ಒಂದು ಸೂಜಿಯ ಜಾಗಕ್ಕೆ ತೇಗದ ಹಿಡಿಯಲ್ಲಿ ನೆಟ್ಟ 0.4 ಮಿಲಿಮೀಟರ್ ದಪ್ಪದ ಎಂಟು ಸೂಜಿಗಳು ಬಂದವು. ಹಿಡಿ ನಿಲ್ಲಿಸಲು ಒಂದು ಪೀಠ.

ಈ ಹೊತ್ತಿಗೆ ಮೂಡಿಗೆರೆಯಿಂದ ಸೋದರಮಾವ ಬಂದಿದ್ದರು. ಬೀಜ ಅವರ ತೋಟದ್ದೇ, ಅರೇಬಿಕಾ, ಎಸ್ 795. ಕಾಂಡಕೊರಕ, ಕೂಲಿಯಾಳು, ಆನೆ, ಕೈಕೊಟ್ಟ ಹೂಮಳೆ, ಇಷ್ಟನ್ನೂ ದಾಟಿ ಬೀಜ ಮನೆ ಸೇರಿಸುವ ಮನುಷ್ಯ. ತಾವು ಕುಡಿಯುವುದು ಮಾತ್ರ ಬಟ್ಟೆಯಲ್ಲಿ ಸೋಸಿದ ಬೆಲ್ಲದ ಕಾಫಿ. ಅಳಿಯ ಉಸಿರು ಬಿಗಿಹಿಡಿದು ಹೊರಗಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಸೂಜಿ ಆಡಿಸುವುದನ್ನು ಅವರು ಬಹಳ ಹೊತ್ತು ನೋಡಿದರು.

“ಎಂತದಾ ಮಾರಾಯ, ಪುಡಿಗೆ ಹೇನು ಬಿದ್ದಿದ್ಯಾ?”

“ಗಂಟು ಬಿಡಿಸ್ತಿದೀನಿ ಮಾವ. ಇಲ್ದಿದ್ರೆ ನೀರು ಒಂದೇ ಕಡೆ ನುಗ್ಗುತ್ತೆ.”

“ನಿಧಾನಕ್ಕೆ ಬಿಡಿಸು. ನಾನು ಸ್ನಾನ ಮಾಡ್ಕಂಡು ಬರ್ತೀನಿ.”

ಸ್ನಾನ ಮುಗಿಸಿ ಬಂದಾಗ ರಾಯರು ಒತ್ತುವ ಘಟ್ಟಕ್ಕೆ ಬಂದಿದ್ದರು. ಟ್ಯಾಂಪರ್ ಹಿಡಿದು ಸುಮಾರು 14 ಕಿಲೋ ಬಲದಲ್ಲಿ ಒತ್ತಬೇಕೆಂಬುದು ಹಳೆಯ ಪಾಠ. ಅದನ್ನು ಖಾತ್ರಿ ಮಾಡಿಕೊಳ್ಳಲು ಮೈತೂಕ ನೋಡುವ ಯಂತ್ರವನ್ನು ಬಚ್ಚಲಿನಿಂದ ತಂದು ಅಡುಗೆಕಟ್ಟೆಯ ಮೇಲಿಟ್ಟಿದ್ದರು. ಯಾರೋ ಹುಡುಗ ಲೆಕ್ಕ ಹಾಕಿ ಹೇಳಿದ: ಅಂಕಲ್, 58 ಮಿಲಿಮೀಟರ್ ಅಗಲದ ಪುಡಿಯ ಮೇಲೆ 9 ಬಾರ್ ಎಂದರೆ ಸುಮಾರು 240 ಕಿಲೋ ಭಾರ, ನೀವು ಒತ್ತುವ 14 ಅದರ ಮುಂದೆ ಯಾವ ಲೆಕ್ಕ? ರಾಯರು ಕೋಪಿಸಿಕೊಳ್ಳಲಿಲ್ಲ. ಎಷ್ಟು ಒತ್ತುತ್ತೇವೆ ಎಂಬುದಲ್ಲ, ಓರೆಯಾಗದಂತೆ ಒತ್ತುವುದು ಮುಖ್ಯ ಎಂದರು. ಅದೂ ನಿಜ. ಮರುವಾರ, ಓರೆಯಾಗಲು ಬಿಡದ ಟ್ಯಾಂಪರ್ ಒಂದು ಬಂತು.

ಇಷ್ಟಾದ ಮೇಲೆ ಕಾಫಿ ಕುಡಿಯುತ್ತಾರೆ ಎಂದುಕೊಂಡಿರೇನು? ಅವರು ಅದನ್ನು ನೋಡುತ್ತಾರೆ. ಬಾಸ್ಕೆಟ್ಟನ್ನು ಹಿಡಿದಿಡುವ ಅವರ ಪೋರ್ಟಾಫಿಲ್ಟರಿಗೆ ತಳವಿಲ್ಲ. ಕಾಫಿ ಇಳಿಯುವುದು ಕೆಳಗಿನಿಂದ ಕಾಣಲಿ ಎಂದೇ ಹಾಗೆ ಮಾಡಿದ್ದು. ರಾಯರು ಮಂಡಿಯೂರಿ, ಕತ್ತು ಓರೆ ಮಾಡಿ, ಫೋನಿನ ದೀಪ ಹಾಕಿ ನೋಡುತ್ತಾರೆ. ಹನಿಗಳೆಲ್ಲ ನಡುವಿಗೆ ಬಂದು ಒಂದೇ ಧಾರೆಯಾದರೆ ಸ್ವರ್ಗ. ಅಂಚಿನಿಂದೊಂದು ಎಳೆ ಚಿಮ್ಮಿ ಕನ್ನಡಕಕ್ಕೆ ಬಿತ್ತೋ, ಇಪ್ಪತ್ತೆಂಟನೇ ಸೆಕೆಂಡಿಗೆ ಲೋಟದಲ್ಲಿ 36 ಗ್ರಾಂ ಸರಿಯಾಗಿ ಇಳಿದಿದ್ದರೂ ಅದು ಸಿಂಕಿಗೇ. ರುಚಿ ನೋಡುವ ಪ್ರಶ್ನೆಯೇ ಇಲ್ಲ, ಅಪರಾಧ ಕಣ್ಣಿಗೇ ಬಿದ್ದಿದೆ. ಅತಿಥಿ ಒಣಗಿದ ಗಂಟಲಲ್ಲಿ ಕೂತಿರುತ್ತಾನೆ. ಮತ್ತೆ 18 ಗ್ರಾಂ, ಮತ್ತೆ ಚಿಮುಕು ನೀರು. ಆ ದಿನ ಮಾವ ಬಸ್ಸಿಗೆ ಹೊತ್ತಾಯಿತೆಂದು ಎದ್ದು, ಕೆಳಗಿನ ದರ್ಶಿನಿಯಲ್ಲಿ ಕುಡಿದು ಹೋದರು.

ಇಷ್ಟು ಸೂಕ್ಷ್ಮದ ಕೆಲಸಕ್ಕೆ ಕೈ ನಡುಗಬಾರದು, ನಿದ್ದೆಗಣ್ಣಿರಬಾರದು. ಅದಕ್ಕಾಗಿ ರಾಯರು ದಿನಾ ಎದ್ದ ಕೂಡಲೇ, ಹೆಂಡತಿ ಡ್ಯೂಟಿಗೆ ಹೊರಡುವ ಮುಂಚೆ ಬೆರೆಸಿಡುವ ಚಿಕೋರಿ ಸೇರಿದ ಫಿಲ್ಟರ್ ಕಾಫಿಯನ್ನು ಒಂದು ದೊಡ್ಡ ಲೋಟ ಕುಡಿದುಬಿಡುತ್ತಾರೆ. ಅದರ ಪುಡಿಯನ್ನು ಯಾರೂ ಕೆದಕಿರುವುದಿಲ್ಲ. ಈ ವಿಷಯ ಎತ್ತಬೇಡಿ.

ಹೋದ ತಿಂಗಳು ರಾಯರು ರೋಗದ ಮೂಲಕ್ಕೇ ಕೈಹಾಕಿದರು. ಗಂಟು ಬರುವುದು ಗ್ರೈಂಡರಿನಿಂದ. ಗ್ರೈಂಡರೇ ಸರಿಯಿದ್ದರೆ ಪುಡಿ ಉದುರುದುರಾಗಿ ಬೀಳುತ್ತದೆ. ಸ್ಕೂಟರಿನ ಬೆಲೆಯ ಹೊಸ ಗ್ರೈಂಡರ್ ಬಂತು. ನಿಜಕ್ಕೂ ಒಂದು ಗಂಟಿಲ್ಲ. ಹೆಂಡತಿಗೂ ಸಂತೋಷವಾಯಿತು, ಅಡುಗೆಕಟ್ಟೆಯಲ್ಲಿ ಜಾಗವಾಗುತ್ತದಲ್ಲ.

“ರೀ, ಇನ್ನು ಗಂಟೇ ಬರಲ್ಲ ಅಂದ್ಮೇಲೆ ಈ ಬಿಲ್ಲೆ, ಬಳೆ, ಸೂಜಿ ಎಲ್ಲಾ ಅಟ್ಟಕ್ಕೆ ಹಾಕಲಾ?”

“ಸೂಜಿ ಹಾಕು,” ಎಂದರು ರಾಯರು. “ಈ ಪುಡಿಗೆ ಪಾಯಿಂಟ್ ಫೋರ್ ದಪ್ಪ ಆಯ್ತು. ಪಾಯಿಂಟ್ ತ್ರೀದು ನಾಳೆ ಬರ್ತಿದೆ, ಓಟೀಪಿ ಕೇಳಿದ್ರೆ ಫೋನ್ ಮಾಡು.”