ಕಟ್ಟಕಡೆಯ ಮೂರು ಆಟಗಳು

ಪಾಡ್‌ಕಾಸ್ಟ್ ಮಾಡಲು ಮೊದಲು ಬೇಕಾದದ್ದು ಸದ್ದಿಲ್ಲದ ಕೋಣೆ. ಇಳಕಲ್ಲಿನಲ್ಲಿ ದುಡ್ಡು ಕೊಟ್ಟರೂ ಸಿಗದ ವಸ್ತು ಅದೊಂದೇ. ನಮ್ಮ ಮನೆಯ ಎಡಕ್ಕೆ ಕುಣಿಮಗ್ಗ, ಬಲಕ್ಕೆ ಪವರ್‌ಲೂಮ್, ಹಿಂದಿನ ರಸ್ತೆಯಲ್ಲಿ ಗ್ರಾನೈಟ್ ಹೊತ್ತ ಲಾರಿಗಳು ರಿವರ್ಸ್ ಹಾಕುವ ಜಾಗ. ‘ಎಲ್ಲರಿಗೂ ನಮಸ್ಕಾರ’ ಎಂದು ನಾನು ಮೈಕಿನ ಮುಂದೆ ಬಾಯಿ ತೆರೆಯುವುದಕ್ಕೂ ಎಡಮನೆಯ ಕಾಕಾ ಲಾಳಿ ಓಡಿಸುವುದಕ್ಕೂ ಯಾವ ಜನ್ಮದ ನಂಟೋ. ಬಲ್ಲವರು ಗೋಡೆಗೆ ಫೋಮ್ ಹಚ್ಚಿಸು ಎಂದರು. ಅದರ ರೇಟು ಕೇಳಿದೆ. ಕೌದಿ ಹೊದ್ದುಕೊಂಡೆ.

ಅವ್ವನ ಸವೆದ ಸೀರೆ, ಅಪ್ಪನ ಧೋತರ, ನನ್ನ ಸಾಲಿ ಅಂಗಿ ಎಲ್ಲ ಪದರ ಪದರವಾಗಿ ಕೂಡಿಸಿ ಹೊಲಿದ ಕೌದಿ ಅದು. ಹೊರಗಿನ ಸದ್ದು ಒಳಗೆ ಬಾರದು, ಹೊರಗಿನ ಗಾಳಿಯೂ ಬಾರದು. ಮೇ ತಿಂಗಳ ಮಧ್ಯಾಹ್ನ, ನಲವತ್ತು ಡಿಗ್ರಿಯ ಬಿಸಿಲು. ಕೌದಿಯೊಳಗೆ ನಾನು, ಕಾದ ಲ್ಯಾಪ್‌ಟಾಪು, ಮೈಕು. 2011ರಲ್ಲಿ ಬಂದ ‘ಸ್ಕೈರಿಮ್’ ಆಟದ ಹಿಮಬೆಟ್ಟಗಳ ಚಳಿಯನ್ನು ವರ್ಣಿಸುತ್ತಿದ್ದೆ. ಬೆವರು ಕೀಬೋರ್ಡಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅವ್ವ ಅಂಚು ಎತ್ತಿ ಇಣುಕಿದಳು.

‘ಯಪ್ಪಾ, ಒಬ್ಬಾವನ ಯಾರ ಕೂಡ ಮಾತಾಡಾಕತ್ತೀಯೋ?’

‘ಪಾಡ್‌ಕಾಸ್ಟ್ ಮಾಡಾಕತ್ತೀನವಾ.’

‘ಹಂಗಂದ್ರ?’

‘ಧಾರವಾಡ ಆಕಾಶವಾಣಿ ಇದ್ದಂಗ. ನಾವು ಮಾತಾಡೂದು, ಮಂದಿ ಕೇಳೂದು.’

‘ಯಾವ ಮಂದಿ?’

ಇಂಥ ಪ್ರಶ್ನೆಗಳನ್ನು ಕೇಳಲು ತಾಯಂದಿರಿಗೆ ತರಬೇತಿ ಬೇಕಾಗುವುದಿಲ್ಲ.

2020ರ ಲಾಕ್‌ಡೌನಿನಲ್ಲಿ ಊರಿಗೊಬ್ಬರಂತೆ ನಾವು ನಾಲ್ವರು ಕೂಡಿದ್ದು. ಬಾಗಲಕೋಟೆ ನವನಗರದಲ್ಲಿರುವ ನನ್ನ ಸೋದರಮಾವನ ಮಗ. ಬಾದಾಮಿಯಲ್ಲಿ ಲಾಡ್ಜ್ ನೋಡಿಕೊಳ್ಳುತ್ತ, ಪ್ರವಾಸಿಗರಿಲ್ಲದೆ ಕೀಲಿಗೊಂಚಲು ತಿರುಗಿಸುತ್ತ ಕೂತಿದ್ದ ಗೆಳೆಯ. ಹುನಗುಂದದ ಕನ್ನಡ ಮಾಸ್ತರರು. ಮತ್ತು ಸೀರೆ ಅಂಗಡಿಯಲ್ಲಿ ಲೆಕ್ಕ ಬರೆಯುವ ನಾನು. ವಿಷಯ, ವಿಡಿಯೋ ಗೇಮ್. ಪಾಡ್‌ಕಾಸ್ಟಿನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಯಾರಾದರೂ ಹುಡುಕಿ ಕೇಳಿಬಿಟ್ಟಾರು ಎಂಬ ಅಂಜಿಕೆ ಈಗಲೂ ಇದೆ.

ಮಾಸ್ತರರು ಜನ್ಮದಲ್ಲಿ ಆಡಿದ ವಿಡಿಯೋ ಗೇಮ್ ಒಂದೇ: ನೋಕಿಯಾ ಫೋನಿನ ಹಾವಿನಾಟ. ಫಿನ್ಲೆಂಡಿನ ತನೇಲಿ ಅರ್ಮಾಂಟೊ ಎಂಬಾತ ನೋಕಿಯಾ 6110ಕ್ಕೆಂದು ಬರೆದು, 1997ರಲ್ಲಿ ಜಗತ್ತಿನ ಜೇಬಿಗೆಲ್ಲ ಇಳಿಸಿದ ‘ಸ್ನೇಕ್’. ಆಮೇಲೆ ಬಂದ ಆಟಗಳೆಲ್ಲ ಮಾಸ್ತರರ ಪ್ರಕಾರ ಮೂಲಗ್ರಂಥಕ್ಕೆ ಬರೆದ ಟೀಕೆಗಳು. ‘ತಿಂದಷ್ಟು ಬೆಳಿತೈತಿ, ಬೆಳೆದಷ್ಟು ಜಾಗಾ ಸಾಲೂದಿಲ್ಲ, ಕಡೀಕ ತನ್ನ ಬಾಲಾ ತಾನ ಕಚ್ಚಿ ಸಾಯ್ತೈತಿ. ಇದರ ಮ್ಯಾಲ ನಿಮ್ಮ ಪಬ್ಜಿಯೊಳಗ ಹೇಳೂದು ಏನ್ ಉಳಿದೈತ್ರೀ?’ ಎಂದು ಮೊದಲ ದಿನವೇ ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದ್ದರಿಂದ ಪ್ರತಿ ಕಂತಿನಲ್ಲೂ ಅವರು ಅದನ್ನೇ ಕೇಳಿದರು. ಕೇಳುಗರಿಗೆ ಅವರೇ ಅಚ್ಚುಮೆಚ್ಚು.

ಮೊದಲ ಕಂತು ಕಾಂಟ್ರಾ ಆಟದ ಮೇಲೆ. ಮೂರೇ ಜೀವ ಕೊಟ್ಟು ಯುದ್ಧಕ್ಕೆ ಕಳಿಸುವ ಆ ಆಟದಲ್ಲಿ ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಎಂದು ಗುಂಡಿ ಒತ್ತಿದರೆ ಮೂವತ್ತು ಜೀವ. ಈ ಮಂತ್ರದ ಋಷಿ ಜಪಾನಿನ ಕಝುಹಿಸಾ ಹಶಿಮೊಟೊ. 1986ರಲ್ಲಿ ‘ಗ್ರಾಡಿಯಸ್’ ಆಟವನ್ನು ಪರೀಕ್ಷಿಸಲು ಕೂತಾಗ ಅದು ತನಗೇ ಕಷ್ಟವಾಗಿ ಈ ಕಳ್ಳದಾರಿ ಇಟ್ಟುಕೊಂಡವರು. 2020ರ ಫೆಬ್ರುವರಿಯಲ್ಲಿ ತೀರಿಕೊಂಡಿದ್ದರು. ಶ್ರದ್ಧಾಂಜಲಿಯಾಗಿ ನಾಲ್ವರೂ ಒಕ್ಕೊರಲಿನಿಂದ ಮಂತ್ರ ಹೇಳಿದೆವು. ನೆಟ್‌ವರ್ಕ್ ಹಿಂದೆ ಮುಂದೆ ಆಗಿ ಹುನಗುಂದದವರು ‘ಎಡ’ ಎನ್ನುವಾಗ ಬಾದಾಮಿಯವನು ‘ಬಿ’ಗೆ ತಲುಪಿದ್ದ.

ಎಲ್ಲಕ್ಕಿಂತ ಹೆಚ್ಚು ಜನ ಕೇಳಿದ ಕಂತಿನಲ್ಲಿ ಮಾತ್ರ ಆಟದ ಸುದ್ದಿ ಹತ್ತು ನಿಮಿಷವೂ ಇರಲಿಲ್ಲ. ಅದು ಮಾರಿಯೋ ಕಂತು. 1985ರ ಆ ಆಟ ಇಡಿಯಾಗಿ ನಲವತ್ತು ಕಿಲೋಬೈಟಿನಲ್ಲಿ ಕೂತಿತ್ತು. ಜಾಗ ಉಳಿಸಲು ಮೋಡದ ಚಿತ್ರಕ್ಕೇ ಹಸಿರು ಬಳಿದು ಪೊದೆ ಮಾಡಿದ್ದರು ಎಂದು ನಾನು ಓದಿಕೊಂಡು ಬಂದದ್ದನ್ನು ಹೇಳುತ್ತಿದ್ದೆ. ಮಾರಿಯೋ ನೀರಿಗಿಳಿದು ಈಸುವ ಹಂತಕ್ಕೆ ಬಂದಾಗ ಮಾವನ ಮಗ ತಡೆದ. ‘ಲೇ, ನಾವು ಇದನ್ನ ಆಡಿದ ಅಂಗಡಿ ನೆನಪೈತೇನು? ಹಳೇ ಊರಾಗ, ನಮ್ಮ ಓಣಿ ತುದಿಗೆ?’ ನೆನಪಿತ್ತು. ಅರ್ಧ ಗಂಟೆಗೆ ಐದು ರೂಪಾಯಿ. ಕಪ್ಪು-ಬಿಳುಪು ಟೀವಿಯಲ್ಲಿ ಮೋಡವೂ ಪೊದೆಯೂ ಒಂದೇ ಬಣ್ಣ. ‘ಆ ಅಂಗಡೀನೂ ಈಗ ನೀರಾಗ ಐತಿ’ ಎಂದ. ಅಲ್ಲಿಂದ ಮಾತು ಆಲಮಟ್ಟಿ ಹಿನ್ನೀರಿಗೆ ಇಳಿಯಿತು, ಮತ್ತೆ ಮೇಲೆ ಬರಲಿಲ್ಲ. 519.6 ಮೀಟರಿಗೆ ಎಷ್ಟು ಓಣಿ ಹೋದವು, 524.256ಕ್ಕೆ ಏರಿಸಿದರೆ ಇನ್ನೆಷ್ಟು ಹೋಗುತ್ತವೆ, ಯಾರ ಪರಿಹಾರ ಯಾವ ಕೋರ್ಟಿನಲ್ಲಿದೆ, ನವನಗರದ ಯಾವ ಸೆಕ್ಟರಿಗೆ ಯಾವ ಓಣಿಯವರು ಬಂದರು. ಮಾಸ್ತರರು ಹಾವನ್ನೇ ಮರೆತರು. ಕಂತು ಹೊರಬಿದ್ದ ಮರುದಿನ ನವನಗರದ ಹಿರಿಯರೊಬ್ಬರು ಮಾವನ ಮಗನನ್ನು ಹಾಲಿನಂಗಡಿಯ ಮುಂದೆ ಹಿಡಿದರು. ‘ನಮ್ಮ ಮನಿ ಹೆಸರು ಯಾಕ ಬಿಟ್ಟಿ? ನಿಮ್ಮ ಮುಂದಿನ ಆಟದಾಗ ಸೇರಸು.’ ಅವರ ಮನೆ ಎರಡಂತಸ್ತಿನದು, ಸಾಗವಾನಿ ಬಾಗಿಲು. ಸೇರಿಸಿದೆವು, ಟೆಟ್ರಿಸ್ ಕಂತಿನಲ್ಲಿ.

ಬಾದಾಮಿಯವನಿಗೆ ಕೌದಿ ಒಗ್ಗಲಿಲ್ಲ. ಒಮ್ಮೆ ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಕೂತು ರೆಕಾರ್ಡ್ ಮಾಡಿದ. ಅವನ ವಾದ ಹೀಗಿತ್ತು: ಗುಡ್ಡವೇ ಒಂದು ವಿಡಿಯೋ ಗೇಮ್. ಒಂದನೇ ಗುಹೆಯಿಂದ ನಾಲ್ಕನೆಯದಕ್ಕೆ ಮೆಟ್ಟಿಲು ಹತ್ತುತ್ತ ಹೋಗಬೇಕು. ಮೂರನೆಯದು ಮಂಗಲೇಶ 578ರಲ್ಲಿ ಮಾಡಿಸಿದ ಅತಿ ದೊಡ್ಡ ಹಂತ. ಒಂದನೆಯದರ ಬಾಗಿಲಲ್ಲೇ ಹದಿನೆಂಟು ಕೈಯ ನಟರಾಜ, ಎಷ್ಟು ಗುಂಡಿಯ ರಿಮೋಟ್ ಕೊಟ್ಟರೂ ಒಮ್ಮೆಲೇ ಒತ್ತಬಲ್ಲವನು. ಈ ಮಾತಿಗೆ ಅವನೇ ನಗಲು ಶುರು ಮಾಡಿದಾಗ ಹಿಂದಿನಿಂದ ಮಂಗವೊಂದು ಇಳಿದು, ಮೈಕಿಗೆ ತೊಡಿಸಿದ್ದ ಕೆಂಪು ಸ್ಪಂಜಿನ ಟೊಪ್ಪಿಗೆ ಕಿತ್ತುಕೊಂಡು ಹೋಯಿತು. ಹಣ್ಣೆಂದು ತಿಳಿದಿರಬೇಕು. ಕಚ್ಚಿತು, ಜಗಿಯಿತು, ಅವನನ್ನು ಒಮ್ಮೆ ನೋಡಿತು, ಉಗುಳಿತು, ಮತ್ತೆ ಕಚ್ಚಿತು. ಇಷ್ಟೂ ಹೊತ್ತು ರೆಕಾರ್ಡಿಂಗ್ ನಡೆದೇ ಇತ್ತು. ‘ಏ ಕೊಡಲೇ’, ‘ನಿಮ್ಮಪ್ಪಂದೇನಲೇ ಅದು’ ಎಂಬಲ್ಲಿಂದ ಶುರುವಾಗಿ ಮುಂದೆ ಪ್ರಕಟಿಸಲಾಗದ ಮಾತುಗಳು. ನಾವು ಪ್ರಕಟಿಸಿದೆವು.

ಪಬ್ಜಿ ಒಂದು ದೊಡ್ಡ ಅಧ್ಯಾಯ. ಅದರ ಎರಾಂಗೆಲ್ ನಕ್ಷೆ ಎಂಟು ಕಿಲೋಮೀಟರ್ ಉದ್ದ, ಎಂಟು ಅಗಲ. ಇಳಕಲ್ಲಿನಿಂದ ಹುನಗುಂದ ಅದಕ್ಕಿಂತ ದೂರ. ಅಂದರೆ ನಾನೂ ಮಾಸ್ತರರೂ ಆ ಆಟದಲ್ಲಿದ್ದರೆ ಒಬ್ಬರು ನಕ್ಷೆಯ ಹೊರಗೆ. ಹೊರಗಿರುವವರು ಯಾರು ಎಂಬುದರ ಮೇಲೆ ಎರಡೂ ಊರಿನ ಅಭಿಮಾನ ಕೆರಳಿ ಅರ್ಧ ಕಂತು ಹೋಯಿತು. ಇಳಕಲ್ ಹೊಸ ತಾಲ್ಲೂಕಾಗಿ ಹುನಗುಂದದಿಂದ ಬೇರೆಯಾದ ಗಾಯ ಆಗಿನ್ನೂ ಹಸಿ. ಆಟದಲ್ಲಿ ಬೆನ್ನಿಗೆ ಕಟ್ಟಿಕೊಂಡ ಬಾಣಲೆ ಗುಂಡು ತಡೆಯುತ್ತದೆ ಎಂದು ಅವ್ವನಿಗೆ ತೋರಿಸಿದೆ. ‘ಬೀಡಿಂದಾದ್ರ ತಡದೀತು. ಮಣ್ಣಿನ ಹಂಚು ಕಟಿಗೊಂಡು ಹೋಗಬ್ಯಾಡಂತ ಹೇಳು’ ಎಂದಳು. ನಮ್ಮ ಕಂತುಗಳಲ್ಲಿ ಬಂದ ಏಕೈಕ ಉಪಯುಕ್ತ ಸಲಹೆ ಇದೇ ಇರಬೇಕು.

‘ಗೆಲ್ಲುವ ಗುಟ್ಟುಗಳು ಮುಂದಿನ ವಾರ’ ಎಂದು ಕಂತು ಮುಗಿಸಿದೆವು. ಆ ವಾರದಲ್ಲೇ, 2020ರ ಸೆಪ್ಟೆಂಬರ್ 2ರಂದು, ಕೇಂದ್ರ ಸರ್ಕಾರ ಪಬ್ಜಿಯೂ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿತು. ಮಾಸ್ತರರು ಗದ್ಗದಿತರಾಗಿ ಚರಮಗೀತೆಯಂಥ ಭಾಷಣ ಮಾಡಿದರು. ಅವರು ಅದನ್ನು ಒಮ್ಮೆಯೂ ಆಡಿರಲಿಲ್ಲ. 2021ರ ಜುಲೈಯಲ್ಲಿ ಅದು ಬಿಜಿಎಂಐ ಎಂಬ ಹೆಸರಲ್ಲಿ ಎದ್ದು ಬಂತು. ಸ್ವಾಗತ ಭಾಷಣ ಮಾಡಿದರು. 2022ರ ಜುಲೈಯಲ್ಲಿ ಮತ್ತೆ ಮಾಯ. ಹಳೆಯ ಚರಮಗೀತೆಯನ್ನೇ ಮತ್ತೆ ಹಾಕಿದೆವು, ಯಾರೂ ಗುರುತಿಸಲಿಲ್ಲ. 2023ರ ಮೇದಲ್ಲಿ ಮತ್ತೆ ಪ್ರತ್ಯಕ್ಷ. ನಡುವೆ 2022ರ ಫೆಬ್ರುವರಿ 14ರಂದು ನಮ್ಮ ಹೈಕೋರ್ಟು ಹಣವಿಟ್ಟು ಆಡುವ ಆನ್‌ಲೈನ್ ಆಟಗಳ ಮೇಲೆ ರಾಜ್ಯ ತಂದಿದ್ದ ನಿಷೇಧವನ್ನು ರದ್ದು ಮಾಡಿದರೆ, ಅದೇ ದಿನ ಅತ್ತ ದಿಲ್ಲಿಯಿಂದ ಫ್ರೀ ಫೈರ್ ನಿಷೇಧದ ಸುದ್ದಿ. ಪ್ರೇಮಿಗಳ ದಿನ ನಾವು ನಾಲ್ವರು ಗಂಡಸರು ರಾತ್ರಿ ಹನ್ನೆರಡರವರೆಗೆ ಯಾವುದು ಸತ್ತಿತು, ಯಾವುದು ಬದುಕಿತು ಎಂದು ಪಟ್ಟಿ ಮಾಡುತ್ತ ಕೂತಿದ್ದೆವು. ಮೂವರಿಗೆ ಮದುವೆಯಾಗಿತ್ತು. ಮನೆಯವರು ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದನ್ನು ಆಮೇಲೆ ವರ್ಷಗಟ್ಟಲೆ ಅಂದರು.

ಎಡಿಟಿಂಗ್ ನನ್ನ ಪಾಲಿಗೆ ಬಂದಿತ್ತು, ಲೆಕ್ಕದವನೆಂಬ ಕಾರಣಕ್ಕೆ. ಅಡಾಸಿಟಿ ಎಂಬ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಧ್ವನಿ ಅಲೆಅಲೆಯಾಗಿ ಕಾಣುತ್ತದೆ. ಕೆಲವು ತಿಂಗಳಲ್ಲಿ ಕೇಳದೆಯೇ ಗುರುತಿಸುವಷ್ಟು ಪರಿಣತನಾದೆ: ಈ ಮೊನಚು ಕುಕ್ಕರ್ ಸೀಟಿ, ಈ ಉಬ್ಬು ಮಾಸ್ತರರು ಎಲೆ-ಅಡಿಕೆ ಕೆನ್ನೆ ಬದಲಿಸಿದ್ದು, ಸಮ ಅಂತರದ ಈ ಗೀರುಗಳು ಕಾಕಾನ ಮಗ್ಗ. ‘ಏನಪಾ ಅಂದ್ರ’ ಎಂಬುದನ್ನೆಲ್ಲ ಕತ್ತರಿಸಿದರೆ ಒಂದು ಗಂಟೆಯ ಕಂತು ಮುಕ್ಕಾಲು ಗಂಟೆಗೆ ಇಳಿಯುತ್ತಿತ್ತು. ಒಮ್ಮೆ ಬಹಳ ಶ್ರಮಪಟ್ಟು ಮಗ್ಗದ ಸದ್ದು ಪೂರ್ತಿ ತೆಗೆದೆ. ಪುಣೆಯಲ್ಲಿ ನೆಲೆಸಿದ ಇಳಕಲ್ಲಿನವರೊಬ್ಬರು ಫೋನ್ ಮಾಡಿ, ‘ಯಾಕ, ಕಾಕಾಗ ಆರಾಮಿಲ್ಲೇನು?’ ಎಂದು ವಿಚಾರಿಸಿದರು.

ಇಷ್ಟೆಲ್ಲದರ ನಡುವೆ ಆಟವಾಡುವುದೇ ನಿಂತಿತ್ತು. ವಾರವೆಲ್ಲ ಕತ್ತರಿಸುವುದು, ಅಂಟಿಸುವುದು, ಮುಂದಿನದಕ್ಕೆ ಓದಿಕೊಳ್ಳುವುದು, ಆಡಲು ಹೊತ್ತೆಲ್ಲಿ? ಆಟಗಳೂ ಬೆಳೆದಿದ್ದವು. ‘ರೆಡ್ ಡೆಡ್ ರಿಡೆಂಪ್ಷನ್ 2’ಕ್ಕೆ ಕಂಪ್ಯೂಟರಿನಲ್ಲಿ 150 ಜಿಬಿ ಜಾಗ ಬೇಕು. ಮಾವನ ಮಗ ಅದನ್ನು ಇಳಿಸಿಕೊಳ್ಳಲು ಹಚ್ಚಿದ. ಕರೆಂಟು, ನೆಟ್ಟು ಒಂದಾದ ಮೇಲೊಂದು ಹೋಗಿ ಬಂದು, ಅದು ಮುಗಿಯುವ ಹೊತ್ತಿಗೆ ಆ ಆಟದ ಕಂತು ಪ್ರಸಾರವಾಗಿ ಹಳತಾಗಿತ್ತು. ಬಾದಾಮಿಯವನು ಟ್ರೇಲರ್ ನೋಡಿಯೇ ವಿಮರ್ಶೆ ಮಾಡುತ್ತಿದ್ದ. ಆಡದಿರುವುದನ್ನು ಮೊದಲಿನಿಂದಲೂ ಬಹಿರಂಗವಾಗಿ ಒಪ್ಪಿಕೊಂಡ ಮಾಸ್ತರರೊಬ್ಬರೇ ನಮ್ಮಲ್ಲಿ ಪ್ರಾಮಾಣಿಕರು.

ಎಷ್ಟು ಜನ ಎಲ್ಲೆಲ್ಲಿ ಕೇಳಿದರು ಎಂದು ತೋರಿಸುವ ಪುಟವೊಂದು ಇರುತ್ತದೆ. ಬಾಗಲಕೋಟೆ, ಬೆಂಗಳೂರು, ಪುಣೆ ಸರಿ. ಆದರೆ ಪ್ರತಿ ಕಂತಿಗೂ ಫಿನ್ಲೆಂಡಿನಲ್ಲಿ ಒಬ್ಬ. ಕನ್ನಡದ ಯಾವನೋ ಎಂಜಿನಿಯರ್ ಇದ್ದಾನು ಎಂದೆ ನಾನು. ಮಾಸ್ತರರು ತಲೆಯಾಡಿಸಿದರು. ‘ಅಲ್ಲ. ಅವನ. ನಾ ಸ್ನೇಕ್ ಬಗ್ಗೆ ಮಾತಾಡಿದ್ದು ಅವನ ಕಿವಿಗೆ ಬಿದ್ದೈತಿ.’ ಅರ್ಮಾಂಟೊಗೆ ಕನ್ನಡ ಹೇಗೆ ತಿಳಿಯಬೇಕು ಎಂದರೆ, ‘ಮೆಚ್ಚುಗೆಗೆ ಭಾಷಾ ಬೇಕಾಗೂದಿಲ್ರೀ’ ಎಂದರು. ಅಂದಿನಿಂದ ಅವರು ಫೋನಿನ ಮುಂದೆಯೂ ಇಸ್ತ್ರಿ ಅಂಗಿ ಹಾಕಿಕೊಂಡು ಕೂಡತೊಡಗಿದರು.

ಮುಗಿಸೋಣವೆಂಬ ಮಾತು ಮೊದಲು ಯಾರು ಎತ್ತಿದರೋ, ಮೂವರು ಥಟ್ಟನೆ ಒಪ್ಪಿದೆವು. ಆದರೆ ಮರ್ಯಾದೆಯಿಂದ ಮುಗಿಸಬೇಕಲ್ಲ? ‘ಜಿಟಿಎ 6’ ಬಂದ ದಿನ ಕೊನೆಯ ಕಂತು ಎಂದು ತೀರ್ಮಾನಿಸಿದೆವು. ಟ್ರೇಲರ್ 2023ರ ಡಿಸೆಂಬರಿನಲ್ಲೇ ಬಂದಿತ್ತು, ಆಟ 2025ಕ್ಕೆ ಎಂದಿದ್ದರು. ಅದನ್ನು ಮಾಡುವ ರಾಕ್‌ಸ್ಟಾರ್ ಕಂಪನಿ 2019ರಲ್ಲೇ ಬೆಂಗಳೂರಿನ ಧ್ರುವ ಇಂಟರ್‌ಆ್ಯಕ್ಟಿವ್ ಅನ್ನು ಕೊಂಡಿತ್ತು. ಹೀಗಾಗಿ ಅರ್ಧ ನಮ್ಮ ಮನೆಯ ಕೆಲಸವೇ ಎಂಬ ಸಲುಗೆ. 2025ರ ಮೇದಲ್ಲಿ ಅವರು 2026ರ ಮೇ ಎಂದರು. ಆರು ತಿಂಗಳು ಬಿಟ್ಟು 2026ರ ನವೆಂಬರ್ ಎಂದರು. ನಮ್ಮ ಸಾವನ್ನು ಅಮೆರಿಕದವರು ಹೀಗೆ ಮುಂದೂಡುವುದು ಸರಿ ಕಾಣಲಿಲ್ಲ.

ಅವ್ವನ ಬಳಿ ಪರಿಹಾರವಿತ್ತು. ‘ಜೋಳಿಗಿಗೆ ಹಾಕಿಬಿಡು.’ ನಮ್ಮೂರಿನ ಡಾ. ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ, ಕಾಸು ಕಾಳು ಬೇಡದೆ ಜನರ ದುಶ್ಚಟಗಳನ್ನು ಬೇಡಿದವರು. ಹೆಂಡ, ತಂಬಾಕು, ಬೀಡಿ ಎಲ್ಲ ಆ ಜೋಳಿಗೆಗೆ ಬಿದ್ದವು. ಅವರ ಜನ್ಮದಿನ ಆಗಸ್ಟ್ 1 ಈಗ ರಾಜ್ಯಕ್ಕೆಲ್ಲ ವ್ಯಸನಮುಕ್ತ ದಿನ. ಎಂಥೆಂಥವರ ಕುಡಿತ ಬಿಡಿಸಿದ ಆ ಜೋಳಿಗೆಯ ಮುಂದೆ ನಿಂತು ‘ಪಾಡ್‌ಕಾಸ್ಟ್’ ಎನ್ನಲು ನನಗೆ ಬಾಯಿ ಬರಲಿಲ್ಲ. ‘ಗೂಗಲ್‌ನವರೂ ತಮ್ಮ ಪಾಡ್‌ಕಾಸ್ಟ್ ಆ್ಯಪ್ 2024ರಾಗ ಮುಚ್ಯಾರವಾ’ ಎಂದೆ. ‘ಅವರ ಅವ್ವಾರೂ ಹೇಳಿರಬೇಕು’ ಎಂದಳು.

ಬಾದಾಮಿಯವನ ಉಪಾಯ ಬೇರೆ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ಬರುವ ನಾಟಕ ಕಂಪನಿಗಳನ್ನು ನೋಡುತ್ತ ಬೆಳೆದವನು ಅವನು. ಗಲ್ಲಾ ಸೊರಗಿತೆಂದರೆ ಆಟೋದಲ್ಲಿ ಮೈಕು ಕೂಗುತ್ತದೆ: ಕಟ್ಟಕಡೆಯ ಮೂರು ಆಟಗಳು, ಮಿಸ್ ಮಾಡಿಕೊಳ್ಳಬೇಡಿ! ಟೆಂಟು ತುಂಬುತ್ತದೆ. ಮರುದಿನ, ಪ್ರೇಕ್ಷಕರ ಅಪೇಕ್ಷೆಯ ಮೇರೆಗೆ ಮತ್ತೆ ಮೂರು ಆಟ. ನಾವೂ ಹಾಗೇ ಸಾರಿದೆವು. ಅಲ್ಲಿಯವರೆಗೆ ಇತ್ತೆಂಬುದೇ ಗೊತ್ತಿರದವರೆಲ್ಲ ‘ಅಯ್ಯ, ಯಾಕ ನಿಲ್ಲಸ್ತೀರಿ?’ ಎಂದು ಮರುಗಿದರು. ಅಂಗಡಿಗೆ ಸೀರೆ ಒಯ್ಯಲು ಬಂದ ಹುನಗುಂದದ ಗಿರಾಕಿಯೊಬ್ಬರು ಟೋಪು ಸೆರಗು ನೋಡುತ್ತಲೇ, ‘ನಿಮ್ಮ ಆ ಕಾರ್ಯಕ್ರಮ ಚಲೋ ಇತ್ರೀ, ಒಮ್ಮಿ ಕೇಳಬೇಕಂತ ಮಾಡಿದ್ನಿ’ ಎಂದರು. ಕೇಳುಗರು ಹೆಚ್ಚಿದರು. ಮತ್ತೆ ಮೂರು ಆಟ. ಮತ್ತೆ ಮೂರು. ಕೊನೆಗೆ ನಿಲ್ಲಿಸಿದ್ದು ನಾವಲ್ಲ. ಮಳೆಗಾಲಕ್ಕೆ ಮುಂಚೆ ಅವ್ವ ಕೌದಿ ಒಗೆಯಲು ಹಾಕಿದಳು, ಒಣಗಿದ ಮೇಲೆ ತಂಗಿಯ ಬಾಣಂತನಕ್ಕೆ ಕೊಟ್ಟು ಕಳಿಸಿದಳು.

ಮಂಗಳ ಹಾಡಿ ಕೆಲವು ವಾರವಾಗಿತ್ತು. ಮೈಕನ್ನು ಮಾವನ ಮಗ ಸೆಕ್ಟರಿನ ಗಣಪತಿ ಮಂಡಳಿಗೆ ದಾನ ಮಾಡಿದ್ದ. ಒಂದು ರಾತ್ರಿ ಮಾಸ್ತರರ ಫೋನು. ಲೆಕ್ಕದ ಪುಟವನ್ನು ಅವರು ದಿನವೂ ತೆರೆದು ನೋಡುತ್ತಿದ್ದರಂತೆ. ಬಾಗಲಕೋಟೆ ಸೊನ್ನೆ, ಬೆಂಗಳೂರು ಸೊನ್ನೆ, ಪುಣೆ ಸೊನ್ನೆ, ಫಿನ್ಲೆಂಡ್ ಒಂದು.

‘ಮುಗಿದೈತಿ ಅಂತ ಅವನಿಗೆ ಯಾರೂ ಹೇಳಿಲ್ಲ, ನೋಡ್ರಿ’ ಎಂದರು ಮಾಸ್ತರರು. ‘ಕನ್ನಡ ತಿಳಿಯೂದಿಲ್ಲಲ್ಲ. ಒಂದ ಆಟ ಮಾಡೂನು, ಅವನ ಸಲುವಾಗಿ. ಇಂಗ್ಲಿಷಿನಾಗ ನೀವು ಮಾತಾಡ್ರಿ, ಸ್ನೇಕ್ ಬಗ್ಗೆ ನಾ ಮಾತಾಡ್ತೀನಿ.’