ಪಾಲಾದ ಐದು ಮಕ್ಕಳಿಗೆ ಕೀರ್ತಿಶೇಷ ಅಪ್ಪನ ಪತ್ರ

ಚಿರಂಜೀವಿಗಳಾದ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ ಮತ್ತು ಪಶ್ಚಿಮ ನಗರ ಪಾಲಿಕೆಗಳಿಗೆ ನಿಮ್ಮ ತಂದೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮಾಡುವ ಅನೇಕ ಆಶೀರ್ವಾದಗಳು. ಈ ಪತ್ರವನ್ನು ಊರಿನವರೆಲ್ಲ ಓದಲಿ ಅಂತಲೇ ಬಹಿರಂಗವಾಗಿ ಬರೆಯುತ್ತಿದ್ದೇನೆ. ಮುಚ್ಚಿಡುವುದಕ್ಕೆ ನಮ್ಮ ಹತ್ತಿರ ಏನಿದೆ? ಮ್ಯಾನ್‌ಹೋಲುಗಳನ್ನೇ ಮುಚ್ಚಿಲ್ಲ.

2007ರಲ್ಲಿ ನೂರು ವಾರ್ಡುಗಳ ಹಳೇ ಪಾಲಿಕೆ, ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿಸಿ ನನ್ನನ್ನು ಮಾಡಿದರು. ಆಡಳಿತ ಸುಧಾರಿಸುತ್ತದೆ ಅಂದರು. 2025ರ ಸೆಪ್ಟೆಂಬರ್ 2ರಂದು ನನ್ನನ್ನು ಐದು ಪಾಲು ಮಾಡಿದರು. ಆಗಲೂ ಅದನ್ನೇ ಅಂದರು. ಇರಲಿ. ಕಟ್ಟಡ, ಕಡತ, ಕಸದ ಗಾಡಿ, ಗುತ್ತಿಗೆದಾರರ ಬಾಕಿ ಬಿಲ್ಲು ಎಲ್ಲದಕ್ಕೂ ಪಾಲುಪಟ್ಟಿ ಆಗಿದೆ. ಬಜೆಟ್ ಬರೆಯುವ ವಿದ್ಯೆಗೆ ಮಾತ್ರ ಪಾಲು ಆಗಿಲ್ಲ. ಅದನ್ನು ಹೇಳಿಕೊಡದೆ ಹೋದರೆ ನನಗೆ ಸದ್ಗತಿ ಇಲ್ಲ.

ಮೊದಲನೆಯದು ಗಾತ್ರ. 2024-25ರಲ್ಲಿ ನನ್ನ ಬಜೆಟ್ 12,369 ಕೋಟಿ ರೂಪಾಯಿ. ಮಾರನೇ ವರ್ಷದ್ದು, ನನ್ನ ಕೊನೆಯದು, 19,927 ಕೋಟಿ. ನಿಮ್ಮ ವ್ಯಾಪ್ತಿಯಲ್ಲಿ ತೆರಿಗೆ ಕಟ್ಟುವ ಯಾವ ಮನೆಯ ಸಂಬಳವೂ ಒಂದೇ ವರ್ಷದಲ್ಲಿ ಹೀಗೆ ಜಿಗಿದಿಲ್ಲ. ರಾಜ್ಯ ಸರ್ಕಾರ ಬೆಂಗಳೂರಿನ ಅನುದಾನವನ್ನು 3,000 ಕೋಟಿಯಿಂದ 7,000 ಕೋಟಿಗೆ ಏರಿಸಿದ್ದು ಕೈಹಿಡಿಯಿತು ಅನ್ನಿ. ಮಿಕ್ಕಿದ್ದಕ್ಕೆ ಉಪಾಯ ಇದೆ. ಮನೆಯಲ್ಲಿ ಆದಾಯ ನೋಡಿ ಖರ್ಚು ಬರೆಯುತ್ತಾರೆ. ನಾವು ಖರ್ಚು ಬರೆದು, ಅದಕ್ಕೆ ಸರಿಹೊಂದುವವರೆಗೆ ಆದಾಯ ಬರೆಯುತ್ತೇವೆ. ಎಷ್ಟು ಬರೆದರೂ ಸಾಲದಿದ್ದರೆ 'ಹಳೇ ತೆರಿಗೆ ಬಾಕಿ ವಸೂಲಿ' ಅಂತ ಒಂದು ಬಾಬ್ತು ಇದ್ದೇ ಇದೆ. ವಸೂಲಾಗುವುದಿಲ್ಲ, ಆದ್ದರಿಂದ ಮುಂದಿನ ವರ್ಷಕ್ಕೂ ಒದಗುತ್ತದೆ. ವರ್ಷದ ಕೊನೆಗೆ 'ಪರಿಷ್ಕೃತ ಅಂದಾಜು' ಎಂಬ ಅಂಕಣದಲ್ಲಿ ಸದ್ದಿಲ್ಲದೆ ಎಲ್ಲವನ್ನೂ ಇಳಿಸಿಬಿಡಿ. ಹೊಸ ಬಜೆಟ್ಟಿನ ದೊಡ್ಡ ಅಂಕಿ ಮುಖಪುಟಕ್ಕೆ ಹೋದ ದಿನ ಆ ಅಂಕಣವನ್ನು ಯಾರೂ ಓದುವುದಿಲ್ಲ.

ಇದಕ್ಕೆ ಅಡ್ಡಿ ಒಂದೇ, ಕೌನ್ಸಿಲ್. 2020ರ ಸೆಪ್ಟೆಂಬರ್‌ವರೆಗೆ ನನಗೂ ಅದು ಇತ್ತು. ಕೆಂಪೇಗೌಡ ಪೌರಸಭಾಂಗಣದಲ್ಲಿ 198 ಕಾರ್ಪೊರೇಟರುಗಳು. ಏನು ಗಲಾಟೆ! ಅವರೇನು ಕಾಸಿಗೆ ಕಾಸು ಲೆಕ್ಕ ಹಾಕುವ ಪೈಕಿ ಅಂತ ತಿಳಿಯಬೇಡಿ. ಬಜೆಟ್ ಮೇಲಿನ ಚರ್ಚೆ ಮುಗಿಯುವಷ್ಟರಲ್ಲಿ ಪ್ರತಿಯೊಬ್ಬರ ವಾರ್ಡಿಗೂ ಅಷ್ಟಿಷ್ಟು ಸೇರಿ ಅದು ಇನ್ನೂ ಊದಿಕೊಳ್ಳುತ್ತಿತ್ತು. ಆದರೂ ಒಬ್ಬರಲ್ಲ ಒಬ್ಬರು ಎದ್ದು, "ಹೋದ ವರ್ಷ ಬರೆದಿದ್ರಲ್ಲ, ಆ ದುಡ್ಡು ಎಲ್ರೀ?" ಅಂತ ಕೇಳುತ್ತಿದ್ದರು. ಆಮೇಲೆ ಚುನಾವಣೆಯೇ ಆಗಲಿಲ್ಲ. ಅಧಿಕಾರಿ ಬರೆದರು, ಅಧಿಕಾರಿ ಮಂಡಿಸಿದರು, ಆಡಳಿತಾಧಿಕಾರಿ ಒಪ್ಪಿದರು. ಐದು ವರ್ಷ ಬಜೆಟ್ ಬಗ್ಗೆ ಒಂದು ಸಭಾತ್ಯಾಗ ಕೂಡ ಇಲ್ಲ. ಪುಣ್ಯವಂತರು ನೀವು, ಹುಟ್ಟಿದ್ದೇ ಆಡಳಿತಾಧಿಕಾರಿಯ ಮಡಿಲಲ್ಲಿ.

ಸಾಲದ ಬಗ್ಗೆ ಎರಡು ಮಾತು. ನಾನು ಹಡ್ಕೋದಲ್ಲಿ ಸಾಲ ಎತ್ತಿ 11 ಆಸ್ತಿಗಳನ್ನು ಅಡ ಇಟ್ಟಿದ್ದೆ. ಅದರಲ್ಲಿ ಕೆ.ಆರ್. ಮಾರುಕಟ್ಟೆ, ಜಾನ್ಸನ್ ಮಾರುಕಟ್ಟೆ, ಎಂ.ಜಿ. ರಸ್ತೆಯ ಪಬ್ಲಿಕ್ ಯುಟಿಲಿಟಿ ಕಟ್ಟಡ ಎಲ್ಲ ಇದ್ದವು. ಆಮೇಲೆ ಒಂದೊಂದಾಗಿ ಬಿಡಿಸಿಕೊಂಡೆ, ಆ ಮಾತು ಬೇರೆ. 1905ರ ಆಗಸ್ಟ್‌ನಲ್ಲಿ ಶಿವನಸಮುದ್ರದ ಕರೆಂಟಿನಿಂದ ಬೆಂಗಳೂರಿನ ಮೊದಲ ಬೀದಿದೀಪ ಹೊತ್ತಿದ ಜಾಗದಲ್ಲಿರುವ ಕೆ.ಆರ್. ಮಾರುಕಟ್ಟೆಯನ್ನೇ ಅಡ ಇಟ್ಟವನು ನಾನು. ಬೀದಿದೀಪಕ್ಕೆ ಇದಕ್ಕಿಂತ ದೊಡ್ಡ ಗೌರವ ಬೇಕೇ?

ಹಡ್ಕೋ ಬಡ್ಡಿ ಕೇಳುತ್ತದೆ. ಬಡ್ಡಿ ಕೇಳದೆ ಸಾಲ ಕೊಡುವವರೂ ಇದ್ದಾರೆ, ಅವರನ್ನು ಮರೆಯಬೇಡಿ. ಆಸ್ತಿ ತೆರಿಗೆಯ ಜೊತೆ ನಾವು ನೂರಕ್ಕೆ ಆರರಂತೆ ಗ್ರಂಥಾಲಯ ಕರ, ಮೂರರಂತೆ ಭಿಕ್ಷುಕರ ಕರ ವಸೂಲಿ ಮಾಡುತ್ತೇವೆ. ಅದು ನಮ್ಮ ದುಡ್ಡಲ್ಲ. ಗ್ರಂಥಾಲಯ ಇಲಾಖೆಗೆ, ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಸೇರಬೇಕಾದ್ದು. ತೆರಿಗೆ ಕಟ್ಟಿದ ಜನ ಇದನ್ನೂ ಚಾಚೂ ತಪ್ಪದೆ ಕಟ್ಟಿದರು. ನಾನು ಕೋಟಿಗಟ್ಟಲೆ ಬಾಕಿ ಉಳಿಸಿಕೊಂಡೆ. ನೋಟಿಸ್ ಬಂದಾಗ ಅಷ್ಟೋ ಇಷ್ಟೋ ಕೊಟ್ಟೆ. ಊರಿನಲ್ಲಿ ಇಷ್ಟೆಲ್ಲ ಬ್ಯಾಂಕುಗಳು, ಸಾಫ್ಟ್‌ವೇರ್ ಕಂಪನಿಗಳು ಇರುವಾಗ ಭಿಕ್ಷುಕರ ಹತ್ತಿರ ಕೈಗಡ ಪಡೆಯಬಹುದು ಅಂತ ಯಾರಿಗೆ ಹೊಳೆಯಬೇಕಿತ್ತು ಹೇಳಿ. ಅವರು ವಕೀಲರನ್ನು ಇಟ್ಟುಕೊಂಡು ಬರುವುದಿಲ್ಲ, ಧರಣಿ ಕೂರುವುದಿಲ್ಲ. ಪುಸ್ತಕ ಓದುವವರು ಅವರಿಗಿಂತಲೂ ಮೆತ್ತಗೆ.

ಇನ್ನು ನೀರು. ಸಂವಿಧಾನದ 12ನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ ಸೇರಿದ 18 ಕೆಲಸಗಳ ಪಟ್ಟಿ ಇದೆ, ಅದರಲ್ಲಿ ನೀರು ಪೂರೈಕೆಯೂ ಒಂದು. ಆದರೆ ನಮ್ಮ ಮನೆಯಲ್ಲಿ 1964ರಿಂದಲೂ ಅದು ಜಲಮಂಡಳಿ ದೊಡ್ಡಪ್ಪನ ಪಾಲು. ದೊಡ್ಡಪ್ಪ ಪಾಪ ಕಾವೇರಿಯನ್ನು ನೂರು ಕಿಲೋಮೀಟರ್ ದೂರದಿಂದ, ಸುಮಾರು ಅರ್ಧ ಕಿಲೋಮೀಟರ್ ಮೇಲಕ್ಕೆ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪ್ ಮಾಡಿ ತರುತ್ತಾನೆ. ದುಡಿದದ್ದರಲ್ಲಿ ದೊಡ್ಡ ಪಾಲು ಕರೆಂಟ್ ಬಿಲ್ಲಿಗೇ ಹೋಗುತ್ತದೆ. ಹಾಗಿದ್ದೂ 2014ರಿಂದ 2025ರ ಏಪ್ರಿಲ್‌ವರೆಗೆ ನೀರಿನ ದರ ಏರಲಿಲ್ಲ. ಬಡವರಿಗಾಗಿ ಅಂದರು. ಕೊಳಾಯಿ ಇದ್ದವರಿಗೆ ಹತ್ತು ವರ್ಷಕ್ಕೂ ಮಿಕ್ಕಿ ಹಳೇ ದರ, ಇಲ್ಲದವರಿಗೆ ಆಯಾ ದಿನದ ಟ್ಯಾಂಕರ್ ದರ. ಇದರಲ್ಲಿ ಬಡವರು ಯಾರು ಅಂತ ಮಾತ್ರ ಕೇಳಬೇಡಿ.

ಆ 110 ಹಳ್ಳಿಗಳ ವಿಷಯವನ್ನೇ ನೋಡಿ. 2007ರಲ್ಲಿ ನನ್ನೊಳಗೆ ಬಂದವು. ತೆರಿಗೆ ಪುಸ್ತಕದಲ್ಲಿ ಅವುಗಳ ಹೆಸರು ಹತ್ತಿದ್ದು ಬೇಗ. ಅವುಗಳಿಗೆಂದೇ ರೂಪಿಸಿದ ಕಾವೇರಿ ಐದನೇ ಹಂತದ ದಿನಕ್ಕೆ 77.5 ಕೋಟಿ ಲೀಟರ್ ನೀರಿಗೆ ಚಾಲನೆ ಸಿಕ್ಕಿದ್ದು 2024ರ ಅಕ್ಟೋಬರ್‌ನಲ್ಲಿ. ನಡುವಿನ ಹದಿನೇಳು ವರ್ಷ ಬೋರ್‌ವೆಲ್. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಸಾವಿರಗಟ್ಟಲೆ ಬತ್ತಿದಾಗ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಟಿತು. ಕುಡಿಯುವುದಕ್ಕೇ ನೀರಿಲ್ಲದವರು ಯಾರೂ ಅದನ್ನು ಉಲ್ಲಂಘಿಸಲಿಲ್ಲ ಅಂತ ಹೆಮ್ಮೆಯಿಂದ ಹೇಳಬಲ್ಲೆ.

ಕರೆಂಟು ಬೆಸ್ಕಾಂನದ್ದು, ಬೀದಿದೀಪದ ಬಿಲ್ಲು ಮಾತ್ರ ನಿಮ್ಮದು. ಬಸ್ಸು ಬಿಎಂಟಿಸಿಯದ್ದು. ಕಸವಾದರೂ ನಮ್ಮದೇ ಅಂದುಕೊಂಡಿದ್ದೆ, ಅದಕ್ಕೂ ಒಂದು ಕಂಪನಿ ಆಯಿತು. 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆಯ ಜೊತೆಗೇ ಕಸದ ಶುಲ್ಕ. ದೊಡ್ಡ ರಸ್ತೆ, ಸುರಂಗಕ್ಕೆ ಇನ್ನೊಂದು ಕಂಪನಿ. ಎಲ್ಲರ ತಲೆಯ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ಹಾಗಾದರೆ ನಮಗೆ ಉಳಿದದ್ದೇನು ಅಂತ ಮುಖ ಸಪ್ಪಗೆ ಮಾಡಬೇಡಿ. ಗುಂಡಿ ಪೂರ್ತಿಯಾಗಿ ನಿಮ್ಮದೇ.

ಗುಂಡಿಯ ಅರ್ಥಶಾಸ್ತ್ರ ಕಲಿತರೆ ನೀವು ಬದುಕಿದಿರಿ. ಅಡ್ಡರಸ್ತೆಗೆ ಹೊಸ ಡಾಂಬರು ಬೀಳುತ್ತದೆ. ವಾರ ಕಳೆಯುವಷ್ಟರಲ್ಲಿ ನೀರಿನವರೋ ಕೇಬಲ್‌ನವರೋ ಬಂದು ಈ ಬದಿಯಿಂದ ಆ ಬದಿಗೆ ಒಂದೂವರೆ ಅಡಿ ಅಗಲ ಸೀಳುತ್ತಾರೆ. ಪೈಪ್ ಇಳಿಸಿ, ಕಿತ್ತ ಡಾಂಬರಿನ ಹೆಂಟೆಗಳನ್ನೇ ಮಣ್ಣಿನ ಜೊತೆ ತುಂಬಿ, ಮೇಲೆ ಜಲ್ಲಿಪುಡಿ ಸುರಿದು, ಗಮ್‌ಬೂಟಿನಲ್ಲಿ ನಾಲ್ಕು ಸಲ ತುಳಿದು ಹೊರಡುತ್ತಾರೆ. ಮೊದಲ ಮಳೆಗೆ ಅದು ಗೇಣುದ್ದ ಕುಸಿಯುತ್ತದೆ. ಅಕ್ಕಪಕ್ಕದ ಅಂಗಡಿಯವರು ಒಂದು ಗಿಡದ ಕೊಂಬೆ ನೆಟ್ಟು, ಅದಕ್ಕೆ ಕೆಂಪು ಬಟ್ಟೆ ಕಟ್ಟುತ್ತಾರೆ. ಜನ ಇದನ್ನು ಅವ್ಯವಸ್ಥೆ ಅನ್ನುತ್ತಾರೆ. ಲೆಕ್ಕದ ಪುಸ್ತಕ ಹಾಗನ್ನುವುದಿಲ್ಲ. ಅಗೆದವರು ಕಟ್ಟಿದ ರಸ್ತೆ ಅಗೆತ ಶುಲ್ಕ ನಿಮಗೆ ಆದಾಯ. ಮುಚ್ಚುವ ಟೆಂಡರು ನಿಮಗೆ ಖರ್ಚು. ಎರಡೂ ಸೇರಿ ಬಜೆಟ್ಟಿನ ಗಾತ್ರ ಏರುತ್ತದೆ. ಅಗೆದವರ ದುಡ್ಡಿನಲ್ಲಿ ಅದೇ ಗುಂಡಿ ಮುಚ್ಚಬೇಕು ಎಂಬ ಹಳ್ಳಿಗಮಾರರ ತರ್ಕಕ್ಕೆ ಮಾತ್ರ ಕಿವಿಗೊಡಬೇಡಿ.

ನನ್ನ ಕಾಲದಲ್ಲಿ ಅಪಚಾರವೊಂದು ನಡೆದದ್ದು ನಿಜ. ಟೆಂಡರ್‌ಶ್ಯೂರ್ ಅಂತ ಕೆಲವರು ಬಂದು ವಿಠಲ ಮಲ್ಯ ರಸ್ತೆ, ರೆಸಿಡೆನ್ಸಿ ರಸ್ತೆಗಳಲ್ಲಿ ಕೇಬಲ್ಲು, ಕೊಳವೆಗಳನ್ನೆಲ್ಲ ಪಾದಚಾರಿ ಮಾರ್ಗದ ಕೆಳಗೆ ಸೇರಿಸಿಬಿಟ್ಟರು. ಡಾಂಬರು ಅಗೆಯುವ ಪ್ರಮೇಯವೇ ಇಲ್ಲದ ಹಾಗೆ! ದುಬಾರಿ ಅಂತ ಎಲ್ಲರೂ ಬೈದರು. ವರ್ಷ ವರ್ಷ ಅಗೆದು ಮುಚ್ಚುವುದಕ್ಕೆ ಎಷ್ಟಾಗುತ್ತದೆ ಅಂತ ಯಾರೂ ಪಕ್ಕದಲ್ಲಿ ಬರೆದು ನೋಡಲಿಲ್ಲ, ದೇವರು ದೊಡ್ಡವನು.

ಕಡೆಯದಾಗಿ ಒಂದು ವ್ಯವಹಾರದ ಮಾತು. ನನ್ನ ಕೊನೆಯ ಬಜೆಟ್ ಓದಿದ್ದು 1935ರ ಪುಟ್ಟಣ್ಣ ಚೆಟ್ಟಿ ಪುರಭವನದಲ್ಲಿ. ನಗರಸಭೆಯ ಅಧ್ಯಕ್ಷರಾಗಿದ್ದವರ ಹೆಸರಿನ ಭವನದಲ್ಲಿ, ಜನಪ್ರತಿನಿಧಿ ಒಬ್ಬರಿಗೂ ಮತವಿಲ್ಲದ ಬಜೆಟ್ಟು. ಈಗ ಆ ಭವನ ಇರುವುದು ಕೇಂದ್ರನ ಪಾಲಿನಲ್ಲಿ. ಉಳಿದ ನಾಲ್ವರು ಅಲ್ಲೇ ಬಜೆಟ್ ಮಂಡಿಸುತ್ತೇವೆ ಅಂತ ಬಂದರೆ, ಮಗೂ ಕೇಂದ್ರ, ಒಡಹುಟ್ಟಿದವರು ಅಂತ ಬಾಡಿಗೆ ಬಿಡಬೇಡ. ಆದಾಯದ ಕಡೆ ಬರೆದುಕೋ. ನೀವು ನಾಲ್ವರೂ ದಾಕ್ಷಿಣ್ಯಕ್ಕೆ ಬಿದ್ದು ಕೊಟ್ಟುಬಿಡಬೇಡಿ. ಬಾಕಿ ಅಂತ ಬರೆದುಕೊಳ್ಳಿ.

ಇಂತಿ ನಿಮ್ಮ ತಂದೆ,
ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಕೀರ್ತಿಶೇಷ)