ಹಾಲು ಕುಡಿದು, ಹಲ್ಲುಜ್ಜಿ, ಆಮೇಲೆ ಮಲಗಿ

ನಮ್ಮ ಮೈಸೂರು ಸೀಮೆಯ ಮನೆಗಳಲ್ಲಿ ಹಲ್ಲುಜ್ಜದೆ ಕಾಫಿ ಲೋಟ ಮುಟ್ಟಿದವರನ್ನ ಸುಮ್ಮನೆ ಬಿಟ್ಟಿದ್ದುಂಟಾ ಹೇಳಿ? ರಾತ್ರಿ ಬಸ್ಸಿನಲ್ಲಿ ಬಂದಿಳಿದ ನೆಂಟರು ಇನ್ನೂ ಚಪ್ಪಲಿ ಬಿಡ್ತಾ ಇರ್ತಾರೆ, ಒಳಗಿಂದ ‘ಮುಖ ತೊಳೆದು ಬನ್ನಿ, ಡಿಕಾಕ್ಷನ್ ಇಳೀತಾ ಇದೆ’ ಅಂತ ಕೂಗು ಬರುತ್ತೆ. ಬ್ರಷ್ ಮರೆತು ಬಂದಿದ್ರೆ ತೋರುಬೆರಳಿಗೆ ಒಂಚೂರು ಪೇಸ್ಟ್ ಹಾಕಿಸ್ಕೊಂಡಾದ್ರೂ ಉಜ್ಜಲೇಬೇಕು. ಇನ್ನು ನಾಲಿಗೆ ಹೆರೆಯೋದಂತೂ ದೊಡ್ಡ ಕಾರ್ಯಕ್ರಮ. ನಮ್ಮ ಬೀದಿಯ ಕೊನೇ ಮನೆ ತಾತ ಹಿತ್ತಲಲ್ಲಿ ನಿಂತು ನಾಲಿಗೆ ಹೆರೆಯೋಕೆ ಶುರು ಮಾಡಿದ್ರೆ ಮೂರು ಮನೆ ಆಚೆಗೂ ಬೆಳಗಾಯ್ತು ಅಂತ ತಿಳಿಯುತ್ತೆ. ಊಟ ಆದಮೇಲೆ ಬಾಯಿ ಮುಕ್ಕಳಿಸೋದೂ ಅಷ್ಟೇ, ಮಗುವಾಗಿದ್ದಾಗಲೇ ಬಂದ ಅಭ್ಯಾಸ. ತುಂಬಾ ಒಳ್ಳೇ ಅಭ್ಯಾಸ ಅದು, ನನಗಂತೂ ಹೆಮ್ಮೆ.

ಅದೇ ರಾತ್ರಿ ಏನು ಮಾಡ್ತೀವಿ ನೋಡಿ. ಊಟ ಆಯ್ತು, ಒಂದು ಬಾಳೆಹಣ್ಣು ಆಯ್ತು, ಮಕ್ಕಳಿಗೆ ಎರಡು ಚಮಚ ಸಕ್ಕರೆ ಹಾಕಿದ ಬಿಸಿ ಹಾಲು. ‘ಕುಡಿದು ಮಲಕ್ಕೋ ಪುಟ್ಟ, ಬೆಳಿಗ್ಗೆ ಸ್ಕೂಲಿದೆ.’ ಮಗು ಮೇಲ್ತುಟಿಯ ಮೇಲೆ ಹಾಲಿನ ಮೀಸೆ ಇಟ್ಕೊಂಡೇ ನಿದ್ದೆ ಹೋಗುತ್ತೆ. ನೋಡೋಕೆ ಮುದ್ದಾಗಿರುತ್ತೆ, ಇಲ್ಲ ಅನ್ನಲ್ಲ. ಆದ್ರೆ ಹಲ್ಲಿಗೆ ಹೊಡೆತ ಬೀಳೋದು ಆ ಹೊತ್ತಲ್ಲೇ.

ಹಗಲಲ್ಲಿ ನಮ್ಮನ್ನ ಕಾಯೋದು ಜೊಲ್ಲು. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್‌ವರೆಗೆ ಬಾಯಲ್ಲಿ ಊರುತ್ತೆ ಅಂದ್ರೆ ನಂಬ್ತೀರಾ? ನಾವು ತಿಂದ ಸಿಹಿಯನ್ನ ಬಾಯೊಳಗಿನ ಬ್ಯಾಕ್ಟೀರಿಯಾಗಳು ಹುಳಿ ಮಾಡ್ತವೆ, ಆ ಹುಳಿ ಹಲ್ಲಿನ ಮೇಲಿನ ಎನಾಮಲ್ ಪದರದಿಂದ ಸುಣ್ಣದ ಅಂಶ ಕರಗಿಸುತ್ತೆ. ಜೊಲ್ಲು ಆ ಹುಳಿಯನ್ನ ತೊಳೆದು, ಕರಗಿದ್ದರಲ್ಲಿ ಸ್ವಲ್ಪ ಮತ್ತೆ ತಂದು ಕೂರಿಸುತ್ತೆ. ನಾವು ನಿದ್ದೆ ಹೋದ್ವೋ, ಜೊಲ್ಲು ಊರೋದು ತೀರಾ ಕಮ್ಮಿಯಾಗುತ್ತೆ. ಬಾಯಿ ಒಣಗಿರುತ್ತೆ, ಹಲ್ಲಿನ ಸಂದಿಯಲ್ಲಿ ಸಕ್ಕರೆ ಹಾಲು ಇರುತ್ತೆ, ಬೆಳಗಿನವರೆಗೂ ಕೇಳೋರಿಲ್ಲ. ಎನಾಮಲ್‌ನಲ್ಲಿ ಜೀವಕೋಶಗಳೇ ಇಲ್ಲ ನೋಡಿ, ಒಂದ್ಸಲ ತೂತು ಬಿತ್ತೂಂದ್ರೆ ಚರ್ಮದ ಗಾಯ ಮಾದಹಾಗೆ ಅದು ಮಾಯೋದಿಲ್ಲ. ದಿನಕ್ಕೆ ಒಂದೇ ಸಲ ಉಜ್ಜೋಕೆ ಆಗೋದು ಅನ್ನೋರಿಗೆ ನಾನು ರಾತ್ರಿಯನ್ನೇ ಆರಿಸ್ಕೊಳ್ಳಿ ಅಂತೀನಿ. ಕಾಫಿ ಪ್ರಿಯರು ಕೋಪ ಮಾಡ್ಕೋಬಾರ್ದು, ಬೆಳಿಗ್ಗೆಯೂ ಉಜ್ಜಿದ್ರೆ ಇನ್ನೂ ಸಂತೋಷ.

ಹಿಂದೆ ಬ್ರಷ್ ಎಲ್ಲಿತ್ತು, ಅವರ ಹಲ್ಲೆಲ್ಲ ಗಟ್ಟಿಯಾಗಿರ್ಲಿಲ್ವಾ ಅಂತ ಕೇಳೋರು ಇದ್ದೇ ಇರ್ತಾರೆ. ನಮ್ಮಜ್ಜಿ ಮನೆ ಬಚ್ಚಲ ಗೂಡಲ್ಲಿ ನಂಜನಗೂಡು ಹಲ್ಲುಪುಡಿ ಪೊಟ್ಟಣ ಇರ್ತಿತ್ತು. ಬಿ.ವಿ. ಪಂಡಿತರು 1913ರಲ್ಲಿ ಶುರು ಮಾಡಿದ ಸದ್ವೈದ್ಯಶಾಲೆಯದು. ಗುಲಾಬಿ ಬಣ್ಣದ ಪುಡಿ, ಎಡಗೈ ಅಂಗೈಗೆ ಸುರ್ಕೊಂಡು ಬಲಗೈ ಬೆರಳಲ್ಲಿ ಅದ್ದಿ ಅದ್ದಿ ಉಜ್ಜೋದು. ಮಕ್ಕಳೆಲ್ಲ ಸಾಲಾಗಿ ಕಲ್ಲಿನ ಮೇಲೆ ಕೂತು ಉಗುಳಿದ್ರೆ ಬಚ್ಚಲ ಮೋರಿಯೆಲ್ಲ ಗುಲಾಬಿ. ಸಿಹಿಯಾಗಿದೆ ಅಂತ ಅರ್ಧ ಪುಡಿ ನುಂಗೋ ತರಲೆಗಳೂ ಇದ್ರು! ಹಳ್ಳಿಗಳ ಕಡೆ ಬೇವಿನ ಕಡ್ಡಿ, ಹೊಂಗೆ ಕಡ್ಡಿ, ಒಲೆಯ ಇದ್ದಿಲು. ಬೇವಿನ ಕಡ್ಡಿಯ ತುದಿ ಜಗಿದು ಕುಂಚ ಮಾಡ್ಕೊಂಡು, ಹೊಲಕ್ಕೆ ಹೋಗೋ ದಾರಿಯುದ್ದಕ್ಕೂ ನಿಧಾನವಾಗಿ ಉಜ್ಜೋರು. ಅಷ್ಟು ಹೊತ್ತು ಉಜ್ಜಿದ್ರೆ ಯಾವ ಕಡ್ಡಿಯಾದ್ರೂ ಕೆಲಸ ಮಾಡುತ್ತೆ. ನಾವೀಗ ಗೀಜರ್ ಹಾಕಿ, ಮೊಬೈಲ್ ನೋಡ್ತಾ, ಅರ್ಧ ನಿಮಿಷದಲ್ಲಿ ಬ್ರಷ್ ತೊಳೆದಿಡ್ತೀವಿ. ಎರಡು ನಿಮಿಷ ಬೇಕು ಅದಕ್ಕೆ. ಇದ್ದಿಲು, ಇಟ್ಟಿಗೆ ಪುಡಿಯಂಥ ಒರಟು ವಸ್ತು ಮಾತ್ರ ಬೇಡ, ಹಲ್ಲಿನ ಹೊಳಪಿನ ಜೊತೆ ಹಲ್ಲನ್ನೂ ಸವೆಸುತ್ತೆ. ಅಷ್ಟಕ್ಕೂ ಆ ಕಾಲದವರು ಪೆಪ್ಪರ್‌ಮೆಂಟು, ಬಿಸ್ಕತ್ತು ಕಾಣ್ತಿದ್ದದ್ದು ಜಾತ್ರೆಗೋ ಹಬ್ಬಕ್ಕೋ ಅಲ್ವಾ?

ಪೇಸ್ಟ್ ಅಂದಾಗ ಜ್ಞಾಪಕಕ್ಕೆ ಬಂತು. ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್ ಅನ್ನೋ ಊರಿಗೆ 1901ರಲ್ಲಿ ಫ್ರೆಡರಿಕ್ ಮೆಕ್‌ಕೇ ಅನ್ನೋ ಹಲ್ಲಿನ ಡಾಕ್ಟ್ರು ಹೋದ್ರು. ಅಲ್ಲಿ ಹುಟ್ಟಿ ಬೆಳೆದವರ ಹಲ್ಲೆಲ್ಲ ಕಂದು ಬಣ್ಣ. ವಿಚಿತ್ರ ಅಂದ್ರೆ ಆ ಕಂದು ಹಲ್ಲುಗಳಲ್ಲಿ ಹುಳುಕು ಕಮ್ಮಿ! ಕಾರಣ ಹುಡುಕ್ತಾ ಹುಡುಕ್ತಾ ಮೂವತ್ತು ವರ್ಷ ಹೋಯ್ತು, 1931ರಲ್ಲಿ ಗೊತ್ತಾಯ್ತು, ಕುಡಿಯೋ ನೀರಿನ ಫ್ಲೋರೈಡ್ ಅಂತ. ಜಾಸ್ತಿಯಾದ್ರೆ ಕಲೆ, ಹದವಾಗಿದ್ರೆ ಹಲ್ಲಿಗೆ ಕಾವಲು. ಪೇಸ್ಟಿಗೆ ಫ್ಲೋರೈಡ್ ಬಂದದ್ದು ಆ ದಾರಿಯಲ್ಲೇ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಮಕ್ಕಳ ಹಲ್ಲಿನ ಕಂದು ಕಲೆಯ ಕಥೆಯೂ ಇದೇ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು ಅಂತ ಲೆಕ್ಕ, ಅಲ್ಲಿನ ಎಷ್ಟೋ ಬೋರ್‌ವೆಲ್‌ಗಳ ನೀರಲ್ಲಿ ಅದನ್ನ ಮೀರಿ ಇರುತ್ತೆ. ‘ಸರಿಯಾಗಿ ಉಜ್ಜಲ್ವೇನೋ’ ಅಂತ ಆ ಮಕ್ಕಳನ್ನ ಬೈಯೋರನ್ನ ಕಂಡ್ರೆ ನನಗೆ ಸಂಕಟ ಆಗುತ್ತೆ. ಉಜ್ಜಿದ್ರೆ ಹೋಗೋ ಕಲೆಯಲ್ಲ ಅದು, ಆ ಮಕ್ಕಳಿಗೆ ಬೇಕಾದ್ದು ಒಳ್ಳೇ ನೀರು.

ಎಲ್ಲಿಂದ ಎಲ್ಲಿಗೋ ಬಂದೆ. ಮಕ್ಕಳ ವಿಷಯ ಹೇಳ್ತಿದ್ದೆ ಅಲ್ವಾ? ಹಾಲುಹಲ್ಲು ಬಿದ್ರೆ ಸಗಣಿ ಉಂಡೇಲಿಟ್ಟು ಹಂಚಿನ ಮೇಲೆ ಎಸೆಯೋದಕ್ಕೆ ಮನೆಮಂದಿಯೆಲ್ಲ ಸೇರ್ತೀವಿ. ಆದ್ರೆ ಆರನೇ ವರ್ಷದ ಸುಮಾರಿಗೆ ಒಂದು ಹಲ್ಲು ಸದ್ದಿಲ್ಲದೆ ಬರುತ್ತೆ, ಅದನ್ನ ಯಾರೂ ಗಮನಿಸೋದೇ ಇಲ್ಲ. ಸಾಲಿನ ಕೊನೆಯಲ್ಲಿ, ಹಾಲುಹಲ್ಲುಗಳ ಹಿಂದೆ, ಮೇಲೆರಡು ಕೆಳಗೆರಡು ದವಡೆಹಲ್ಲು. ಯಾವ ಹಾಲುಹಲ್ಲೂ ಬೀಳದೆ ಬರೋದ್ರಿಂದ ಇದೂ ಹಾಲುಹಲ್ಲೇ ಅಂದ್ಕೊಂಡು, ಹುಳುಕಾದ್ರೂ ‘ಬಿದ್ದು ಹೊಸದು ಬರುತ್ತೆ ಬಿಡಿ’ ಅಂತಾರೆ ತಾಯಂದಿರು. ಬರಲ್ಲ ಕಣ್ರೀ, ಅದೇ ಶಾಶ್ವತ ಹಲ್ಲು! ಮುದುಕರಾಗೋವರೆಗೂ ಚಕ್ಕುಲಿ ಅಗಿಯಬೇಕಾದ್ದು ಅದರಲ್ಲೇ. ಅದರ ಮೇಲ್ಮೈಯಲ್ಲಿ ಆಳವಾದ ಗೀರುಗಳಿರುತ್ತವೆ, ಅವಲಕ್ಕಿ ಚೂರು, ಚಾಕೊಲೇಟು ಎಲ್ಲ ಅಲ್ಲೇ ಮನೆ ಮಾಡ್ಕೊಳ್ಳುತ್ತೆ. ಹುಳುಕು ಹಿಡಿಯೋಕೆ ಮುಂಚೆಯೇ ಆ ಗೀರುಗಳಿಗೆ ಸೀಲಂಟ್ ಅಂತ ತೆಳ್ಳಗೆ ಬಳೀತಾರೆ ಡಾಕ್ಟ್ರು. ಸೂಜಿ ಇಲ್ಲ, ಕೊರೆಯೋದಿಲ್ಲ, ನೋವಿಲ್ಲ.

ಡಾಕ್ಟ್ರ ಹೆಸರೆತ್ತಿದ ಕೂಡಲೇ ನಮ್ಮ ಪಕ್ಕದ್ಮನೆ ಅಕ್ಕ ‘ಕ್ಲೀನಿಂಗ್ ಮಾಡಿಸಿದ್ರೆ ಹಲ್ಲು ಅಲ್ಲಾಡುತ್ತಂತೆ’ ಅಂತಾರೆ. ಮೇಲಿನ ಹಲ್ಲು ಕೀಳಿಸಿದ್ರೆ ಕಣ್ಣು ಹೋಗುತ್ತೆ ಅನ್ನೋ ಭಯ ಬೇರೆ! ಕಣ್ಣಿಗೂ ಅದಕ್ಕೂ ಸಂಬಂಧ ಇಲ್ಲ, ನೋಟಕ್ಕಿರೋ ನರವೇ ಬೇರೆ. ಕ್ಲೀನಿಂಗ್ ಮಾತು ಮಾತ್ರ ಸ್ವಲ್ಪ ನಿಂತು ಕೇಳಬೇಕಾದ್ದು. ಉಜ್ಜದೆ ಬಿಟ್ಟ ಪಾಚಿ ವರ್ಷಗಟ್ಟಲೆ ಕೂತು ಕಲ್ಲಾಗಿ, ವಸಡು ಕೆಳಗಿಳಿದು, ಒಳಗಿನ ಎಲುಬು ಸವೆದಿರುತ್ತೆ. ಸಂದಿಯಲ್ಲಿ ತುಂಬ್ಕೊಂಡಿದ್ದ ಕಲ್ಲು ತೆಗೆದಾಗ, ಮೊದಲೇ ಸಡಿಲಾಗಿದ್ದ ಹಲ್ಲು ಸಡಿಲ ಅಂತ ಗೊತ್ತಾಗುತ್ತೆ, ಅಷ್ಟೇ. ಬೇಗ ಹೋಗಿದ್ರೆ ಆ ಎಲುಬು ಉಳೀತಿತ್ತು. ಉಜ್ಜುವಾಗ ರಕ್ತ ಬಂದ್ರೆ ‘ಆ ಜಾಗ ಮುಟ್ಟೋದು ಬೇಡ’ ಅಂತ ಬಿಡ್ತಾರಲ್ಲ, ಬಿಡಬಾರದು, ಅಲ್ಲೇ ಮೆತ್ತಗೆ ಉಜ್ಜಬೇಕು. ಸಕ್ಕರೆ ಕಾಯಿಲೆ ಇದ್ದವರಂತೂ ವಸಡಿನ ಮೇಲೆ ಒಂದು ಕಣ್ಣಿಟ್ಟಿರಲೇಬೇಕು, ಎರಡೂ ಒಂದನ್ನೊಂದು ಕೆಡಿಸುತ್ತವೆ. ಹಲ್ಲುನೋವು ಬಂದಾಗ ಲವಂಗ ಕಚ್ಕೊಳ್ಳೋದು ತಪ್ಪಲ್ಲ, ಅದರ ಎಣ್ಣೆಗೆ ಮರಗಟ್ಟಿಸೋ ಗುಣ ಇದೆ. ಆದ್ರೆ ನೋವು ಅಡಗಿದ್ರೆ ಹುಳುಕು ಅಡಗಿತು ಅಂತಲ್ಲವಲ್ಲ.

ಇವತ್ತು ರಾತ್ರಿ ಮಕ್ಕಳು ಹಾಲು ಕುಡಿದಾದ ಮೇಲೆ ಒಂಚೂರು ಎಬ್ಬಿಸಿ ನಿಲ್ಲಿಸಿ. ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು, ತೀರಾ ಚಿಕ್ಕವರಿಗೆ ಅಕ್ಕಿಕಾಳಿನಷ್ಟು. ಉಗುಳಲಿ, ಆಮೇಲೆ ನೀರಿಂದ ಗಳಗಳ ತೊಳೆಯೋದು ಬೇಡ, ಹಲ್ಲಿನ ಮೇಲೆ ಸ್ವಲ್ಪ ಪೇಸ್ಟ್ ಉಳಿದ್ರೇ ಒಳ್ಳೇದು. ಆರು ದಾಟಿದ ಮಗುವಾದ್ರೆ ಮೊಬೈಲ್ ಟಾರ್ಚ್ ಹಾಕಿ ಆ ಕೊನೇ ದವಡೆಹಲ್ಲು ಬಂದಿದೆಯಾ ಅಂತ ನೋಡಿ. ಬಂದಿದ್ರೆ, ಅದರ ಮೇಲೆ ಕಪ್ಪು ಗೆರೆಯೇನಾದ್ರೂ ಕಂಡ್ರೆ, ನೋವು ಬರಲಿ ಅಂತ ಕಾಯಬೇಡಿ. ಈ ವಾರವೇ ಡಾಕ್ಟ್ರಿಗೆ ತೋರಿಸ್ಕೊಂಡು ಬನ್ನಿ.